ಎಡಗೈಯ ಚಾಕು

ಎಪ್ಪತ್ತರ ದಶಕದ ಕೊನೆಯಲ್ಲಿ ಕೊಪ್ಪದ ಹೊರವಲಯದ ಒಂದು ಸರ್ಕಾರಿ ಸಸ್ಯಕ್ಷೇತ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಗಿಡಗಳಿಗೆ ಕಸಿ ಕಟ್ಟುವ ಕೆಲಸ. ಸೇರಿದ ದಿನ ಸಾಹೇಬರು ಒಂದು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಕಂದು ಮರದ ಹಿಡಿಯ ಮಡಚುವ ಚಾಕು ಒಂದನ್ನು ನನ್ನ ಕೈಗಿಟ್ಟರು. ಕಸಿಗೆಂದೇ ಮಾಡಿದ ಚಾಕು, ಬೇರೆ ಯಾವುದಕ್ಕೂ ಬಳಸಬಾರದು, ತೆಂಗಿನಕಾಯಿಯ ಜುಟ್ಟು ಕೂಡ ಕತ್ತರಿಸಬಾರದು ಎಂದರು. ನಾನು ತಲೆಯಾಡಿಸಿದೆ. ನನಗೆ ಆಗ ಇಪ್ಪತ್ತಾರು ವರ್ಷ. ಮದುವೆಯಾಗಿ ಮೂರು ವರ್ಷವಾಗಿತ್ತು. ಗಂಡ ನರಸಿಂಹರಾಜಪುರದ ಶಾಲೆಯಲ್ಲಿ ಮಾಸ್ತರು, ದಿನಾ ಕೊಪ್ಪದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

ಸೀರೆಗೆ ಜೇಬಿಲ್ಲ. ಗಂಡಸರು ಅಂಗಿಯ ಜೇಬಿನಲ್ಲೋ ಲುಂಗಿಯ ಮಡಿಕೆಯಲ್ಲೋ ಚಾಕು ಸಿಗಿಸಿಕೊಂಡು ಆರಾಮವಾಗಿ ಓಡಾಡುತ್ತಿದ್ದರು. ನಾನು ಮೊದಲ ವಾರ ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡೆ. ಡಬ್ಬಿಯ ಸಾರು ಚೆಲ್ಲಿ ಹಿಡಿಯ ಸಂದಿಗೆಲ್ಲ ಇಳಿಯಿತು. ಆಮೇಲೆ ಸೊಂಟಕ್ಕೆ ಸಿಗಿಸಿಕೊಳ್ಳುವ ಒಂದು ಬಟ್ಟೆಯ ಸಂಚಿ ಹೊಲಿದುಕೊಂಡೆ. ಬಸ್ಸಿನಲ್ಲಿ ಒಮ್ಮೆ ಟಿಕೆಟಿಗೆ ಚಿಲ್ಲರೆ ತೆಗೆಯಹೋಗಿ ಚಾಕು ಈಚೆ ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡು, “ಹೆಂಗಸಿಗೆ ಎಂತಕ್ಕೆ ಮಾರಾಯ್ತಿ ಚಾಕು?” ಎಂದಳು. ಗಿಡ ಕಟ್ಟಲಿಕ್ಕೆ ಎಂದೆ. ಗಿಡ ಕಟ್ಟಲು ಹಗ್ಗ ಬೇಕಲ್ಲ, ಚಾಕು ಯಾಕೆ ಎಂದು ಆಕೆ ಇಳಿಯುವವರೆಗೂ ಯೋಚಿಸುತ್ತಿದ್ದಂತಿತ್ತು.

ನಮ್ಮಲ್ಲಿ ಮಾವಿಗೆ ಕಸಿ ಮಾಡುವ ರೀತಿ ಹೇಳಲು ಸುಲಭ. ಗೊರಟಿನಿಂದ ಎದ್ದ ಎಳೆ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಎರಡು ಬೆರಳಷ್ಟು ಆಳಕ್ಕೆ ಸೀಳಬೇಕು. ನಮಗೆ ಬೇಕಾದ ಮರದ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಹೆರೆದು ಬೆಣೆಯಂತೆ ಮಾಡಿ ಆ ಸೀಳಿನೊಳಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಬೇಕು. ಎರಡು ಗಿಡಗಳ ಹಸಿ ಮೈ ಒಂದಕ್ಕೊಂದು ಪೂರ್ತಿ ತಾಗಿಕೊಂಡಿದ್ದರೆ ಮೂರು ವಾರದಲ್ಲಿ ಕಡ್ಡಿ ಚಿಗುರುತ್ತದೆ. ನಡುವೆ ಗಾಳಿ ಉಳಿದರೆ ಕಪ್ಪಾಗಿ ಸಾಯುತ್ತದೆ. ಅಷ್ಟೇ ಗುಟ್ಟು.

ನನ್ನವು ಸಾಯುತ್ತಿದ್ದವು. ಎಲ್ಲವೂ ಅಲ್ಲ, ಹತ್ತರಲ್ಲಿ ಎರಡೋ ಮೂರೋ ಬದುಕುತ್ತಿದ್ದವು. ಪಕ್ಕದ ಸಾಲಿನಲ್ಲಿ ಹಿರಿಯ ತೋಟಗಾರರೊಬ್ಬರು ಕಟ್ಟಿದವು ಹತ್ತಕ್ಕೆ ಏಳೆಂಟು ಚಿಗುರುತ್ತಿದ್ದವು. ಅದೇ ಸಸಿ, ಅದೇ ಕಡ್ಡಿ, ಅದೇ ನೆರಳು. ಅವರು ಒಂದು ದಿನ ನನ್ನ ಕೈಯನ್ನೇ ನೋಡುತ್ತ ನಿಂತು ಹೇಳಿದರು: “ಬೇಜಾರು ಮಾಡ್ಕೋಬೇಡಿ ಅಮ್ಮ. ಎಡಗೈ ಕಸಿ ಹತ್ತಲ್ಲ.”

ನಾನು ಎಡಚಿ. ಉಣ್ಣುವುದು ಮತ್ತು ಬರೆಯುವುದು ಎರಡನ್ನು ಮಾತ್ರ ಬಲಗೈಗೆ ಕಲಿಸಿದ್ದರು. ಉಳಿದ ಕೆಲಸಗಳಿಗೆಲ್ಲ ಎಡಗೈ ತಾನಾಗಿ ಮುಂದೆ ಬರುತ್ತಿತ್ತು. ತೋಟಗಾರರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವಷ್ಟೇ ಸಹಜವಾಗಿ ಹೇಳಿದ್ದರು. ಅದಕ್ಕೇ ಅದು ಹೆಚ್ಚು ಚುಚ್ಚಿತು. ಬಲಗೈಯಲ್ಲಿ ಪ್ರಯತ್ನಿಸಿದೆ. ಹೆಬ್ಬೆರಳಿನ ಬುಡ ಕುಯ್ದುಕೊಂಡು ಮೂರು ದಿನ ರಜೆ ಹಾಕಿದೆ.

ಆ ರಜೆಯಲ್ಲೇ ನನ್ನ ಅಣ್ಣ ಬಂದ. ಅವನು ಮಂಗಳೂರಿನಿಂದ ಹೊರಡುವ ಸರಕು ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದ. ನಾನು ಚಾಕು ಹಿಡಿಯುವ ಕೆಲಸಕ್ಕೆ ಸೇರಿದ್ದನ್ನು ಕಾಗದದಲ್ಲಿ ಬರೆದಿದ್ದೆ. ಅವನು ಯಾವುದೋ ದೂರದ ಬಂದರಿನಲ್ಲಿ ಕೊಂಡ ಚಾಕು ತಂದಿದ್ದ. ಕೆಂಪು ಹಿಡಿ, ಕನ್ನಡಿಯಂಥ ಅಲಗು. ಒಂದಲ್ಲ, ದೊಡ್ಡದೊಂದು ಚಿಕ್ಕದೊಂದು ಎರಡು ಅಲಗು. ಜೊತೆಗೆ ಡಬ್ಬಿ ತೆರೆಯುವ ಕೊಕ್ಕೆ, ತಿರುಪು ಬಿಚ್ಚುವ ನಾಲಿಗೆ, ಬೆರಳುದ್ದದ ಒಂದು ಕತ್ತರಿ. ಪ್ರತಿಯೊಂದೂ ಬಿಚ್ಚುವಾಗ ಟಕ್ ಎಂದು ಒಂದೇ ಸದ್ದು ಮಾಡುತ್ತಿತ್ತು. ಅದರ ಪಕ್ಕದಲ್ಲಿ ಇಟ್ಟಾಗ ಸರ್ಕಾರದ ಚಾಕು ದನ ಕಾಯುವವರದ್ದರಂತೆ ಕಂಡಿತು.

“ಬೆಲೆ ಕೇಳ್ಬೇಡ,” ಎಂದ ಅಣ್ಣ. “ಕೇಳಿದ್ರೆ ಪೆಟ್ಟಿಗೇಲಿಟ್ಟು ಬೀಗ ಹಾಕ್ತೀ.”

ನಾನು ಕೇಳಲಿಲ್ಲ. ಕೆಲಸಕ್ಕೆ ವಾಪಸಾದ ದಿನದಿಂದ ಸರ್ಕಾರದ ಚಾಕುವನ್ನು ಕಪಾಟಿನಲ್ಲಿಟ್ಟು ಕೆಂಪು ಚಾಕುವಿನಲ್ಲೇ ಕಸಿ ಕಟ್ಟತೊಡಗಿದೆ. ಅದರ ಹರಿತ ಬೇರೆಯೇ. ಕಡ್ಡಿಯೊಳಗೆ ಬೆಣ್ಣೆಗೆ ಇಳಿದಂತೆ ಇಳಿಯುತ್ತಿತ್ತು. ಫಲಿತಾಂಶ ಸ್ವಲ್ಪ ಸುಧಾರಿಸಿತು, ಅಥವಾ ಸುಧಾರಿಸಿದೆ ಎಂದು ನಾನು ಅಂದುಕೊಂಡೆ. ಇನ್ನು ತೊಂದರೆಯಿಲ್ಲ ಎಂದು ನಂಬಿದೆ. ಆ ನಂಬಿಕೆಯಲ್ಲೇ ಮೆಣಸೆಯ ಕೆಲಸ ಒಪ್ಪಿಕೊಂಡೆ.

ಶೃಂಗೇರಿಯ ಹತ್ತಿರದ ಮೆಣಸೆಯಿಂದ ಹೆಂಗಸೊಬ್ಬರು ಸಸ್ಯಕ್ಷೇತ್ರಕ್ಕೆ ಬಂದಿದ್ದರು. ಐವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಯಾರ ಮುಂದೆಯೂ ದನಿ ತಗ್ಗಿಸದ ಮಾತು. ಅವರ ಉಪ್ಪಿನಕಾಯಿ ಆ ಸುತ್ತಿನಲ್ಲೆಲ್ಲ ಪ್ರಸಿದ್ಧ. ಮದುವೆ ನಿಶ್ಚಯವಾದ ಮನೆಯವರು ಅಡುಗೆಯವರಿಗೆ ಹೇಳುವ ಮೊದಲು ಈಕೆಗೆ ಹೇಳುತ್ತಿದ್ದರಂತೆ. ಆ ಉಪ್ಪಿನಕಾಯಿಗೆ ಆಧಾರ ಅವರ ಗದ್ದೆಯಂಚಿನ ಹಳ್ಳದ ದಂಡೆಯ ಮೇಲಿದ್ದ ಒಂದೇ ಒಂದು ಕಾಡುಮಾವಿನ ಮರ. ಅದರ ಎಳೆ ಮಿಡಿ ಉಪ್ಪಿನಲ್ಲಿ ಐದು ವರ್ಷ ಇದ್ದರೂ ಮೆತ್ತಗಾಗುವುದಿಲ್ಲ ಎಂದರು. ಹಳ್ಳ ದಂಡೆಯನ್ನು ಕೊರೆಯುತ್ತಿತ್ತು. ಅರ್ಧ ಬೇರು ಗಾಳಿಗೆ ಬಿದ್ದಿತ್ತು.

“ಗೊರಟು ಹಾಕಿ ನೋಡಿದೆ,” ಎಂದರು ಆಕೆ. “ಗಿಡ ಬರ್ತದೆ, ಮಿಡಿ ಬೇರೆಯೇ ಆಗ್ತದೆ. ಒಂದು ಹುಳಿ ಇಲ್ಲ, ಒಂದು ಪರಿಮಳ ಇಲ್ಲ. ಕಸಿ ಮಾಡಿದ್ರೆ ಅದೇ ಮರ ಸಿಗ್ತದೆ ಅಂತಾರೆ, ಹೌದನಾ?”

ಹೌದು ಎಂದರು ಸಾಹೇಬರು. ಈ ಹುಡುಗಿ ಬರುತ್ತಾಳೆ ಎಂದು ನನ್ನ ಕಡೆ ಬೊಟ್ಟು ಮಾಡಿದರು. ಹಿರಿಯ ತೋಟಗಾರರು ಆ ತಿಂಗಳು ಬೇರೆ ಕಡೆ ಹೋಗಿದ್ದರು, ಅದೊಂದೇ ಕಾರಣ.

ಮೆಣಸೆಗೆ ಹೋಗಿ ಮರ ನೋಡಿದೆ. ಅಂಥ ಚಂದದ ಮರವೇನಲ್ಲ. ಸೊಟ್ಟ ಕಾಂಡ, ಹಳ್ಳದ ಕಡೆಗೆ ಬಾಗಿದ ಮೈ, ತೊಗಟೆಯ ತುಂಬ ಪಾಚಿ. ಒಬ್ಬ ಆಳು ಮೇಲೆ ಹತ್ತಿ ನಾನು ತೋರಿಸಿದ ಕಡ್ಡಿಗಳನ್ನು ಇಳಿಸಿದ. ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಕೊಪ್ಪಕ್ಕೆ ತಂದು, ಮಾರನೆಯ ದಿನ ಇಪ್ಪತ್ತೈದು ಸಸಿಗಳಿಗೆ ಕಸಿ ಕಟ್ಟಿದೆ. ಕೆಂಪು ಚಾಕುವನ್ನು ಆ ದಿನ ಎಷ್ಟು ಸಲ ಒರೆಸಿದೆನೋ ಲೆಕ್ಕವಿಲ್ಲ.

ಹತ್ತನೆಯ ದಿನಕ್ಕೆ ಮೊದಲ ಕಡ್ಡಿ ಕಪ್ಪಾಯಿತು. ಮೂರನೆಯ ವಾರ ಮುಗಿಯುವಷ್ಟರಲ್ಲಿ ಇಪ್ಪತ್ತೈದೂ ಸತ್ತಿದ್ದವು. ಒಂದು, ಒಂದೇ ಒಂದು ಉಳಿದಿದ್ದರೆ ಅದನ್ನು ಹಿಡಿದುಕೊಂಡು ಮೆಣಸೆಗೆ ಹೋಗುವ ಮುಖ ನನಗಿರುತ್ತಿತ್ತು.

ಹಾಗೆಂದು ಹೋಗದೆ ಇರಲಾಗಲಿಲ್ಲ. ಆಕೆ ಹೊರಗಿನ ಕಟ್ಟೆಯ ಮೇಲೆ ಕೂತು ಬಾಳೆಲೆ ಸೀಳುತ್ತಿದ್ದರು. ನಾನು ಹೇಳಿದ್ದನ್ನು ಕೇಳಿದರು, ಕೈಯಲ್ಲಿದ್ದ ಎಲೆ ಪೂರ್ತಿ ಸೀಳಿ ಮುಗಿಸಿದರು.

“ನಿನ್ನ ಕೈಯಲ್ಲಿ ಎಂತ ತಪ್ಪಾಯ್ತು ಅಂತ ಗೊತ್ತಾಯ್ತಾ?” ಎಂದು ಕೇಳಿದರು.

“ಇಲ್ಲ.”

“ಹಂಗಾದ್ರೆ ಅದನ್ನ ಮೊದಲು ತಿಳ್ಕೊ. ಮರ ಇನ್ನೊಂದು ಮಳೆಗಾಲ ನಿಲ್ಲಬಹುದು. ಅದರ ಮುಂದಿನದು ನಿಲ್ಲಲ್ಲ.” ಆಮೇಲೆ ಒಳಗೆ ಕರೆದು ಊಟ ಹಾಕಿದರು. ಬೈದಿದ್ದರೆ ಸುಲಭವಿತ್ತು.

ಕೊಪ್ಪದ ಪೇಟೆಯಲ್ಲಿ ಒಬ್ಬ ಸಾಬರ ಅಂಗಡಿಯಿತ್ತು. ಬೀಗ, ಟಾರ್ಚು, ಕೊಡೆಯ ಕಡ್ಡಿ, ಸ್ಟೌವಿನ ಪಿನ್ನು, ಇಂಥವನ್ನು ಮಾರುತ್ತಿದ್ದರು. ಕೊಡೆ ರಿಪೇರಿ ಮಾಡುತ್ತಿದ್ದರು, ಚಾಕು ಕತ್ತರಿ ಸಾಣೆ ಹಿಡಿಯುತ್ತಿದ್ದರು. ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಮಡಚುವ ಚಾಕುಗಳನ್ನು ಅರ್ಧ ಬಿಚ್ಚಿ ಸಾಲಾಗಿ ಇಟ್ಟಿರುತ್ತಿದ್ದರು. ಹರಿತ ಕಡಿಮೆಯಾಗಿರಬೇಕು, ಅದೇ ಕಾರಣ ಎಂದುಕೊಂಡು ಒಂದು ಸಂತೆಯ ದಿನದ ಮಧ್ಯಾಹ್ನ ಎರಡೂ ಚಾಕು ತೆಗೆದುಕೊಂಡು ಹೋದೆ. ಜನ ಸಂತೆಯಲ್ಲಿದ್ದರು, ಅಂಗಡಿ ಖಾಲಿಯಿತ್ತು.

ಕೆಂಪು ಚಾಕು ನೋಡಿ ಅವರ ಮುಖ ಅರಳಿತು. ಅಂಗೈಯಲ್ಲಿ ತೂಗಿದರು. ಅಲಗನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿದರು. “ಇದಕ್ಕೆ ಸಾಣೆ ಬೇಡ ಅಕ್ಕ. ನಾನು ಹಿಡಿದ್ರೆ ಹಾಳಾಗ್ತದೆ. ಒಳ್ಳೆ ಉಕ್ಕು, ಇಂಥದ್ದು ನನ್ನ ಅಂಗಡೀಲಿ ಇಲ್ಲ.”

“ಹಾಗಾದ್ರೆ ಕಸಿ ಯಾಕೆ ಹತ್ತೋದಿಲ್ಲ?” ಎಂದೆ. ನನ್ನ ದನಿಯಲ್ಲಿ ಅಳು ಇದ್ದಿರಬೇಕು. ಅವರು ಸ್ಟೂಲು ಮುಂದೆ ತಳ್ಳಿದರು.

ಕಸಿ ಅಂದರೇನು, ಹೇಗೆ ಕಡಿಯಬೇಕು ಎಂದು ವಿವರವಾಗಿ ಕೇಳಿದರು. ಹೇಳಿದೆ. ಆಗ ಅವರು ಗಾಜಿನ ಪೆಟ್ಟಿಗೆಯಿಂದ ನಾಲ್ಕೈದು ಚಾಕು ತೆಗೆದು ನನ್ನೆದುರು ಬಿಚ್ಚಿಟ್ಟರು. ಅವಕ್ಕೆಲ್ಲ ಅವರದೇ ಹೆಸರುಗಳಿದ್ದವು. ತುದಿ ಒಳಕ್ಕೆ ಬಾಗಿದ್ದು ಗಿಳಿಕೊಕ್ಕು: ಬಳ್ಳಿಯನ್ನು ಎಳೆದು ಕತ್ತರಿಸಲು ಅದರಷ್ಟು ಒಳ್ಳೆಯದಿಲ್ಲ, ಮೆಣಸು ಬಳ್ಳಿಯವರು ಅದನ್ನೇ ಕೇಳುತ್ತಾರೆ, ಆದರೆ ಅದರಲ್ಲಿ ಹಣ್ಣು ಹೆಚ್ಚಲು ಹೋದರೆ ಬೆರಳು ಹೋಗುತ್ತದೆ. ಹೊಟ್ಟೆ ಉಬ್ಬಿದ್ದು ಮೀನುಹೊಟ್ಟೆ: ಚರ್ಮ ಸುಲಿಯಲು. ಉಗುರಿನಷ್ಟು ತೆಳುವಾದ ಚಿಕ್ಕ ಅಲಗಿನದು ವೀಳ್ಯದೆಲೆಯ ತೊಟ್ಟು ತೆಗೆಯುವ ಅಜ್ಜಂದಿರಿಗೆ. ಹಿತ್ತಾಳೆಯ ಕಟ್ಟು, ಕೋಡಿನ ಹಿಡಿ, ನೋಡಲು ರಾಜನಂತೆ ಇದ್ದ ಒಂದನ್ನು ಎತ್ತಿ ಹಿಡಿದು, “ಇದು ಮದುವೆಗೆ ಕೊಡೋಕೆ ಮಾತ್ರ,” ಎಂದು ನಕ್ಕರು. “ಅಲಗು ತಗಡು. ಬೆಲೆ ಎಲ್ಲಕ್ಕಿಂತ ಜಾಸ್ತಿ. ಹೆಚ್ಚು ಹೋಗೋದೂ ಇದೇ.”

“ನನ್ನ ಎರಡರಲ್ಲಿ ಯಾವುದು ಒಳ್ಳೇದು?”

“ಎಂತ ಕೆಲಸಕ್ಕೆ ಅಂತ ಹೇಳದೆ ಒಳ್ಳೇದು ಕೆಟ್ಟದು ಅಂತ ಹೇಳಕ್ಕೆ ಬರಲ್ಲ ಅಕ್ಕ.” ಕೆಂಪು ಚಾಕುವಿನ ಅಲಗನ್ನು ಬೆಳಕಿಗೆ ಹಿಡಿದು ಅಂಚನ್ನು ತೋರಿಸಿದರು. “ನೋಡಿ, ಇದು ಎರಡೂ ಕಡೆಯಿಂದ ಇಳಿಜಾರು. ಮನೆಯ ಮಾಡು ಇದ್ದಂಗೆ. ಸೇಬು ಹೆಚ್ಚೋದಕ್ಕೆ, ಹಗ್ಗ ಕೊಯ್ಯೋದಕ್ಕೆ ಬಾದಶಾ. ಆದ್ರೆ ಕಡ್ಡಿ ಹೆರೆಯುವಾಗ ಹೊಟ್ಟೆ ಕೊಟ್ಟು ಹೋಗ್ತದೆ, ನೇರ ಹೋಗಲ್ಲ.” ಆಮೇಲೆ ಸರ್ಕಾರದ ಚಾಕು ಎತ್ತಿದರು. “ಇದು ನೋಡಿ. ಒಂದು ಮುಖ ಪೂರ್ತಿ ಚಪ್ಪಟೆ. ಇಳಿಜಾರು ಒಂದೇ ಕಡೆ. ಬಡಗಿಯ ಉಳಿ ಇರ್ತದಲ್ಲ, ಹಂಗೆ. ಇದನ್ನ ಮಾಡಿದವನಿಗೆ ನಿಮ್ಮ ಕೆಲಸ ಗೊತ್ತುಂಟು. ಇದರಲ್ಲಿ ಹತ್ತಲೇಬೇಕು.”

“ಇದರಲ್ಲೂ ಹತ್ತೋದಿಲ್ಲ.”

ಅವರು ಒಳಗೆ ಹೋಗಿ ಹಿತ್ತಲಿನಿಂದ ದಾಸವಾಳದ ಒಂದು ಕಡ್ಡಿ ಮುರಿದು ತಂದರು. “ಮಾಡಿ ತೋರಿಸಿ.”

ನಾನು ಚಾಕು ಬಿಚ್ಚಿ ಕಡ್ಡಿ ಹೆರೆದೆ. ಅವರು ನನ್ನ ಕೈಯನ್ನು ನೋಡಿದ ರೀತಿ ನನಗೆ ಗೊತ್ತಿತ್ತು. ಈಗ ಎಡಗೈಯ ಮಾತು ಬರುತ್ತದೆ ಎಂದು ಕಾದೆ.

“ಅಕ್ಕ, ನೀವು ಚಾಕುವನ್ನ ಬಿಚ್ಚುವಾಗ ಒಂದ್ಸಲ ತಿರುಗಿಸಿಕೊಂಡ್ರಿ.”

“ಉಗುರು ಸಿಗಿಸೋ ಗೀರು ಆಚೆ ಕಡೆ ಇದೆ.”

“ಅದೇ! ಗೀರು ಆಚೆ ಇದೆ, ಇಳಿಜಾರೂ ಆಚೆ ಇದೆ.” ನಾನು ಹೆರೆದ ಕಡ್ಡಿಯನ್ನು ತೆಗೆದುಕೊಂಡು, ಕತ್ತರಿಸಿದ ಮುಖವನ್ನು ಗಾಜಿನ ಪೆಟ್ಟಿಗೆಯ ಮೇಲೆ ಒತ್ತಿ ಹಿಡಿದು, ನನಗೆ ಪಕ್ಕದಿಂದ ನೋಡಲು ಹೇಳಿದರು. ಬಗ್ಗಿ ನೋಡಿದೆ. ಗಾಜಿಗೂ ಕಡ್ಡಿಗೂ ನಡುವೆ ಹುಣಿಸೆ ಎಲೆಯಷ್ಟು ಸಣ್ಣ ಬೆಳಕು ಕಾಣುತ್ತಿತ್ತು. ಆಮೇಲೆ ಅದೇ ಚಾಕುವಿನಿಂದ ತಮ್ಮ ಬಲಗೈಯಲ್ಲಿ ಇನ್ನೊಂದು ತುಂಡು ಹೆರೆದು ಒತ್ತಿ ಹಿಡಿದರು. ಬೆಳಕಿಲ್ಲ. ಕಡ್ಡಿ ಗಾಜಿಗೆ ಅಂಟಿಕೊಂಡಂತೆ ಕೂತಿತ್ತು.

“ನಾನು ಜೀವನದಲ್ಲಿ ಕಸಿ ಕಟ್ಟಿಲ್ಲ,” ಎಂದರು. “ನಿಮ್ಮ ಕೈ ನನಗಿಂತ ಸ್ಥಿರವಾಗಿದೆ. ಆದ್ರೆ ಇದು ಬಲಗೈಗೆ ಮಾಡಿದ ಚಾಕು. ಚಪ್ಪಟೆ ಮುಖ ಕಡ್ಡಿಗೆ ತಾಗಿಕೊಂಡು ಹೋಗ್ಬೇಕು. ನಿಮ್ಮ ಕೈಯಲ್ಲಿ ಅದು ಆಕಾಶ ನೋಡ್ತಾ ಇದೆ. ಅಲಗು ಮೇಲೆ ಏಳ್ತದೆ, ಕಡ್ಡಿ ಗುಳಿ ಬೀಳ್ತದೆ. ತಪ್ಪು ಚಾಕುವಿನದ್ದು ಅಕ್ಕ. ಕೈದಲ್ಲ.”

ಅವರ ತಂದೆ ದರ್ಜಿಯಾಗಿದ್ದರಂತೆ, ಎಡಗೈಯವರು. ಎಷ್ಟೋ ವರ್ಷ ಅವರ ಕತ್ತರಿ ಬಟ್ಟೆಯನ್ನು ಕತ್ತರಿಸುವ ಬದಲು ಮಡಚುತ್ತಿತ್ತಂತೆ. ಕೊನೆಗೆ ಒಬ್ಬ ಕಮ್ಮಾರ ಅಲಗುಗಳನ್ನು ಅದಲುಬದಲು ಮಾಡಿ ಒಂದು ಕತ್ತರಿ ಮಾಡಿಕೊಟ್ಟ. “ಆ ದಿನ ನನ್ನ ಅಪ್ಪ ಸುಮ್ಮನೆ ಹಳೇ ಬಟ್ಟೆ ಕತ್ತರಿಸ್ತಾ ಕೂತಿದ್ರು, ಸಂಜೆವರೆಗೂ,” ಎಂದರು.

ಇಪ್ಪತ್ತಾರು ವರ್ಷದಲ್ಲಿ ನನ್ನ ಎಡಗೈಯ ಬಗ್ಗೆ ಬೈಗುಳ ಕೇಳಿದ್ದೆ, ತಮಾಷೆ ಕೇಳಿದ್ದೆ, ಕನಿಕರವನ್ನೂ ಕೇಳಿದ್ದೆ. ಅದು ಸರಿಯಿದೆ ಎಂದು ಯಾರೂ ಹೇಳಿರಲಿಲ್ಲ.

ಕೆಂಪು ಚಾಕುವನ್ನೇ ನನ್ನ ಕೈಗೆ ಹೊಂದುವಂತೆ ಉಜ್ಜಿಕೊಡಿ ಎಂದೆ. ಒಳ್ಳೆಯ ಉಕ್ಕು ಎಂದು ಅವರೇ ಹೇಳಿದ್ದರಲ್ಲ. ಅವರು ಒಪ್ಪಲಿಲ್ಲ. “ಒಂದು ಮುಖ ಪೂರ್ತಿ ಉಜ್ಜಬೇಕು. ಅಣ್ಣ ಕೊಟ್ಟದ್ದು ಅಂತೀರಿ. ನನ್ನ ಕೈಯಿಂದ ಆಗಲ್ಲ.” ಸರ್ಕಾರದ್ದನ್ನು ಮುಟ್ಟುವಂತಿರಲಿಲ್ಲ, ಅದು ರಿಜಿಸ್ಟರಿನಲ್ಲಿತ್ತು. ಕೊನೆಗೆ ಅವರು ಒಳಗಿನ ಡಬ್ಬಿಯಿಂದ ಒಂದು ಸಾದಾ ಚಾಕು ತೆಗೆದರು. ಕಪ್ಪು ಹಿಡಿ, ನೇರ ಅಲಗು, ಗಾಜಿನ ಪೆಟ್ಟಿಗೆಯಲ್ಲಿಡಲೂ ಲಾಯಕ್ಕಿಲ್ಲದ ಒರಟು ಮೈ. ಅಂಗಡಿಯಲ್ಲೇ ಅಗ್ಗದ್ದು. ಅಲಗು ದಪ್ಪವಿದ್ದುದರಿಂದ ಉಜ್ಜಲು ಬೇಕಾದಷ್ಟು ಲೋಹವಿತ್ತು. ಎಂಟು ದಿನ ಬಿಟ್ಟು ಬರಲು ಹೇಳಿದರು.

ಎಂಟು ದಿನದಲ್ಲಿ ಅದನ್ನು ಯಾವ ಚಕ್ರಕ್ಕೂ ಕೊಡದೆ ಕಲ್ಲಿನ ಮೇಲೆ ಕೈಯಲ್ಲೇ ಉಜ್ಜಿದ್ದರು. ಚಕ್ರಕ್ಕೆ ಕೊಟ್ಟರೆ ಬಿಸಿಯಾಗಿ ಅಲಗಿನ ಹದ ಹೋಗುತ್ತದೆಯಂತೆ. ಒಂದು ಮುಖ ಹಲಗೆಯಂತೆ ಚಪ್ಪಟೆಯಾಗಿತ್ತು. ಇನ್ನೊಂದು ಮುಖದಲ್ಲಿ ಸಣ್ಣ ಇಳಿಜಾರು. ಉಗುರಿನ ಗೀರನ್ನು ಕೂಡ ನನ್ನ ಕಡೆಗೆ ಹೊಸದಾಗಿ ಕೊರೆದಿದ್ದರು. ನಾನು ಬಿಚ್ಚಿದೆ. ತಿರುಗಿಸಿಕೊಳ್ಳಬೇಕಾಗಲಿಲ್ಲ. ಉಗುರು ಗೀರಿನೊಳಗೆ ತಾನಾಗಿ ಹೋಗಿ ಕೂತಿತು.

“ಉಕ್ಕು ಸಾಧಾರಣ,” ಎಂದು ಎಚ್ಚರಿಸಿದರು. “ಇಪ್ಪತ್ತು ಕಡ್ಡಿಗೊಮ್ಮೆ ಕಲ್ಲಿಗೆ ತೀಡಬೇಕು. ಇಳಿಜಾರಿನ ಮುಖ ಮಾತ್ರ. ಚಪ್ಪಟೆ ಮುಖ ಮುಟ್ಟಿದ್ರೆ ನನ್ನ ಹತ್ರ ಬರಬೇಡಿ.”

ಮುಂದಿನ ಬೇಸಿಗೆಯೆಲ್ಲ ಮನೆಯಲ್ಲಿ ಅಭ್ಯಾಸ ಮಾಡಿದೆ. ಒಡೆದ ಕನ್ನಡಿಯ ಚೂರೊಂದನ್ನು ಇಟ್ಟುಕೊಂಡು, ಹೆರೆದ ಪ್ರತಿ ಕಡ್ಡಿಯನ್ನೂ ಅದರ ಮೇಲೆ ಒತ್ತಿ ಬೆಳಕು ನೋಡುವುದು. ಹಿತ್ತಲಿನ ಪೇರಲೆ, ದಾಸವಾಳ, ಬೇಲಿಯ ಗಿಡ ಎಲ್ಲ ಬೋಳಾದವು. ಗಂಡ ಶಾಲೆಯಿಂದ ಬಂದವರು ಅಂಗಳದ ಕಡ್ಡಿರಾಶಿ ನೋಡಿ, “ಇವತ್ತು ಯಾರ ಬೇಲಿ?” ಎಂದು ಕೇಳಿ ಒಳಗೆ ಹೋಗುತ್ತಿದ್ದರು. ಬೆಳಕು ಕಾಣದ ಕಡ್ಡಿಗಳು ಮೊದಲು ಹತ್ತಕ್ಕೆ ನಾಲ್ಕಿದ್ದವು, ಮಳೆ ಶುರುವಾಗುವಷ್ಟರಲ್ಲಿ ಹತ್ತಕ್ಕೆ ಒಂಬತ್ತಾದವು.

ಆಷಾಢದ ಒಂದು ಬೆಳಿಗ್ಗೆ ಮೆಣಸೆಯಿಂದ ಆಳು ಬಂದ. ಹಿಂದಿನ ದಿನ ದಂಡೆ ಕುಸಿದು ಮರ ಹಳ್ಳಕ್ಕೆ ಒರಗಿದೆ, ಕೂಡಲೇ ಬರಬೇಕಂತೆ ಎಂದ. ಸಾಹೇಬರು ಹೋಗಿ ಬಾ ಎಂದರು. ಮೂವತ್ತು ಸಸಿಗಳನ್ನು ಎರಡು ಬುಟ್ಟಿಗಳಲ್ಲಿ ಜೋಡಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೋದೆವು. ಈ ಸಲ ಕಡ್ಡಿಗಳನ್ನು ಕೊಪ್ಪಕ್ಕೆ ತರುವುದು ಬೇಡ, ಕಡಿದ ಕೂಡಲೇ ಅಲ್ಲೇ ಕಟ್ಟಿಬಿಡಬೇಕೆಂದು ನಿಶ್ಚಯಿಸಿದ್ದೆ.

ಮರ ಅಡ್ಡ ಬಿದ್ದಿತ್ತು. ಒಂದು ಬದಿಯ ಬೇರು ಇನ್ನೂ ಮಣ್ಣು ಹಿಡಿದುಕೊಂಡಿದ್ದರಿಂದ ಎಲೆ ಹಸಿರಾಗಿಯೇ ಇತ್ತು. ಕಳೆದ ವರ್ಷ ಆಳು ಹತ್ತಬೇಕಾಗಿದ್ದ ಎತ್ತರದ ಕೊಂಬೆಗಳು ಈಗ ನನ್ನ ಕೈಗೇ ಸಿಗುವಂತೆ ನೀರಿನ ಮೇಲೆ ಮಲಗಿದ್ದವು. ನಾನು ಮೊಣಕಾಲಿನವರೆಗೆ ನೀರಿಗಿಳಿದು, ತುದಿಯ ಮೊಗ್ಗು ಉಬ್ಬಿದ ಕಡ್ಡಿಗಳನ್ನೇ ಆರಿಸಿ ಕತ್ತರಿಸಿದೆ. ಮೆಣಸೆಯ ಅಮ್ಮ ದಂಡೆಯ ಮೇಲೆ ನಿಂತು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಒಮ್ಮೆ ಬಗ್ಗಿ ಕಾಂಡದ ಪಾಚಿಯನ್ನು ಸವರಿದರು.

ಅವರ ಮನೆಯ ಕಟ್ಟೆಯ ಮೇಲೆ ಕೂತು ಕೆಲಸ ಶುರುಮಾಡಿದೆ. ನೆರೆಮನೆಯ ಇಬ್ಬರು ಹೆಂಗಸರು ನೋಡಲು ಬಂದಿದ್ದರು. ಅವರಲ್ಲೊಬ್ಬಳು, “ಅಯ್ಯೋ, ಎಡಗೈಯಲ್ಲಿ ಮಾಡ್ತಾಳಲ್ಲೇ,” ಎಂದಳು.

“ಮಾಡ್ಲಿ,” ಎಂದರು ಅಮ್ಮ. “ನೀನು ಎರಡೂ ಕೈ ಖಾಲಿ ಇಟ್ಕೊಂಡು ನಿಂತಿದೀಯಲ್ಲ, ಆ ಪಟ್ಟಿ ಇತ್ಲಾಗಿ ಕೊಡು.”

ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದೇ ಅಗಲಕ್ಕೆ ಕತ್ತರಿಸಿಕೊಳ್ಳಲು ಅಣ್ಣನ ಕೆಂಪು ಚಾಕುವಿನ ಪುಟ್ಟ ಕತ್ತರಿಯಷ್ಟು ಅನುಕೂಲದ್ದು ಬೇರೆ ಇರಲಿಲ್ಲ. ಅದನ್ನು ಅಮ್ಮನ ಕೈಗೆ ಕೊಟ್ಟಿದ್ದೆ. ಕಪ್ಪು ಚಾಕು ನನ್ನ ಕೈಯಲ್ಲಿತ್ತು. ಒಂದು ಕಡೆ ಹೆರೆ, ತಿರುಗಿಸಿ ಇನ್ನೊಂದು ಕಡೆ ಹೆರೆ, ಸೀಳಿಗೆ ಇಳಿಸು, ಪಟ್ಟಿ ಸುತ್ತು. ಕಡ್ಡಿ ಸೀಳಿನೊಳಗೆ ಇಳಿಯುವಾಗ ಒಂದು ಸಣ್ಣ ಬಿಗಿ ಬೆರಳಿಗೆ ತಿಳಿಯುತ್ತಿತ್ತು. ಹಿಂದಿನ ವರ್ಷ ಆ ಬಿಗಿ ಒಮ್ಮೆಯೂ ಬಂದಿರಲಿಲ್ಲ. ಹದಿನೈದನೆಯ ಗಿಡದ ಹೊತ್ತಿಗೆ, ಎಡಗೈ ಬಲಗೈ ಎಂಬುದೇ ಮರೆತುಹೋಗಿತ್ತು. ಎರಡು ಸಲ ಚಾಕು ತೀಡಿದೆ. ಮೂವತ್ತೂ ಮುಗಿದಾಗ ಇನ್ನೂ ಬಿಸಿಲಿತ್ತು.

ಸಸಿಗಳನ್ನು ಅವರ ಕೊಟ್ಟಿಗೆಯ ಪಕ್ಕದ ನೆರಳಿನಲ್ಲೇ ಬಿಟ್ಟು ಬಂದೆ. ಮೂರು ವಾರ ನನಗೆ ಕಪ್ಪಾದ ಕಡ್ಡಿಗಳೇ ಕಣ್ಣೆದುರು. ಇಪ್ಪತ್ತೆರಡನೆಯ ದಿನ ರಜೆ ಹಾಕಿ ಹೋದೆ. ಅಮ್ಮ ಅಂಗಳದಲ್ಲೇ ಸಿಕ್ಕರು. ನೇರ ಕೊಟ್ಟಿಗೆಯ ಕಡೆ ನಡೆದರು. ಹಿಂದೆ ಹೋದೆ. ಕೆಲವು ಕಡ್ಡಿ ಸತ್ತಿದ್ದವು. ಉಳಿದವುಗಳ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು, ಇಲಿಕಿವಿಯಷ್ಟು.

“ಇಪ್ಪತ್ತೊಂದು,” ಎಂದರು ಅಮ್ಮ. “ದಿನಾ ಎಣಿಸ್ತೇನೆ.”

ನಾನು ಸಸಿಗಳ ಪಕ್ಕ ಕೂತು ಚಿಗುರೊಂದನ್ನು ಮುಟ್ಟಿ ನೋಡಿದೆ. ಅವರು ನನ್ನ ಎಡಗೈಯನ್ನು ಎತ್ತಿ ಹಿಡಿದು, ಬೆರಳಿನ ಮೇಲಿದ್ದ ಹಳೆಯ ಗಾಯಗಳನ್ನು ಒಂದೊಂದಾಗಿ ನೋಡಿ, ಮತ್ತೆ ನನ್ನ ಮಡಿಲಿಗೇ ಇಟ್ಟರು.

ಆ ಸುದ್ದಿ ಸಸ್ಯಕ್ಷೇತ್ರಕ್ಕೂ ತಲುಪಿತು. ಹಿರಿಯ ತೋಟಗಾರರು ಕಪ್ಪು ಚಾಕುವನ್ನು ಕೇಳಿ ಪಡೆದು ಒಂದು ಕಡ್ಡಿ ಹೆರೆದರು. ಗುಳಿ ಬಿತ್ತು. ಇನ್ನೊಂದು ಹೆರೆದರು. ಅದೂ ಹಾಗೇ. ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಾನು ಗಾಜಿನ ಮೇಲೆ ಒತ್ತಿ ತೋರಿಸಿದ್ದನ್ನು ಬಗ್ಗಿ ನೋಡಿದರು. “ಹಂಗಾದ್ರೆ ನಾನು ಅವತ್ತು ಅಂದದ್ದು ತಪ್ಪು,” ಎಂದರು, ಸಾಹೇಬರಿಗೂ ಕೇಳುವಂತೆ. ಅವರ ಬಗ್ಗೆ ನನಗಿದ್ದ ಗೌರವ ಆ ದಿನ ಹೆಚ್ಚಾಯಿತು. ಮುಂದೆ ಸೀತೂರಿನಲ್ಲಿ ಬೆಳೆಗಾರರಿಗೆ ಕಸಿ ಕಲಿಸುವ ಕೆಲಸ ಬಂದಾಗ, ಅವರೇ ನನ್ನ ಹೆಸರು ಹೇಳಿದರು.

ಎಂಬತ್ತರ ದಶಕ ಶುರುವಾದಾಗ ನಾವು ನರಸಿಂಹರಾಜಪುರಕ್ಕೆ ಮನೆ ಬದಲಿಸಿದ್ದೆವು. ಅಣ್ಣ ಮತ್ತೆ ಬಂದದ್ದು ಅಲ್ಲಿಗೆ. ಊಟವಾದ ಮೇಲೆ ಕಿಟಕಿಯ ಮೇಲಿದ್ದ ಎರಡು ಚಾಕು ನೋಡಿದ. ಕೆಂಪು ಚಾಕುವಿನ ಕತ್ತರಿ ಮಾತ್ರ ಹೊಳೆಯುತ್ತಿತ್ತು. ಕಪ್ಪು ಚಾಕುವಿನ ಹಿಡಿ ನನ್ನ ಬೆರಳಿನ ಆಕಾರಕ್ಕೆ ಸವೆದಿತ್ತು.

“ನನ್ನದಕ್ಕಿಂತ ಇದೇ ಹೆಚ್ಚಾಯ್ತಾ?” ಎಂದ. ತಮಾಷೆಯ ದನಿ, ಆದರೆ ಮುಖದಲ್ಲಿ ತಮಾಷೆಯಿರಲಿಲ್ಲ.

ನಾನು ಅಂಗಡಿಯ ಕಥೆಯೆಲ್ಲ ಹೇಳಿದೆ. ಅವನು ಕಪ್ಪು ಚಾಕುವಿನಲ್ಲಿ ಕಡ್ಡಿಯೊಂದನ್ನು ಹೆರೆಯಲು ಹೋಗಿ ಸೋತು, ನಕ್ಕ. ಆಮೇಲೆ ಚಾಕು ಮಡಚಿ ಕಿಟಕಿಯ ಮೇಲಿಟ್ಟ.

“ಊಟಕ್ಕೆ ಕೂತಾಗ ನಿನ್ನ ಎಡಗೈ ಹಿಡ್ಕೊಂಡು ಕೂರ್ತಿದ್ದವನು ನಾನೇ,” ಎಂದ. “ಹಿಡ್ಕೋ ಅಂತ ನಮ್ಮಮ್ಮ ಹೇಳ್ತಿದ್ಲು. ನೀನು ಅಳ್ತಿದ್ದೆ. ಚಾಕು ಕೊಳ್ಳುವಾಗ ನಿನ್ನ ಕೈ ಒಮ್ಮೆ ನೆನಪಾಗ್ಬೇಕಿತ್ತು ನೋಡು, ಆಗಲಿಲ್ಲ.”

“ನಿನಗೆ ಆಗ ಒಂಬತ್ತು ವರ್ಷ ಮಾರಾಯ.”

“ನಿನಗೆ ಐದು,” ಎಂದ.

ಆಮೇಲೆ ನಾವು ಬೇರೆ ಮಾತಾಡಿದೆವು. ಹೊರಡುವ ದಿನ ಅವನು ಕೊಪ್ಪದಲ್ಲಿ ಇಳಿದು ಆ ಸಾಬರ ಅಂಗಡಿ ಹುಡುಕಿಕೊಂಡು ಹೋಗಿ, ಹಡಗಿನ ಗೆಳೆಯರಿಗೆಂದು ಮೂರು ಗಿಳಿಕೊಕ್ಕು ಕೊಂಡನಂತೆ. ಹಡಗಿನ ಮೇಲೆ ಬಳ್ಳಿ ಎಲ್ಲಿದೆ ಎಂದು ಅವರು ಕೇಳಿದ್ದಕ್ಕೆ, ಹಗ್ಗ ಇದೆಯಲ್ಲ ಎಂದನಂತೆ. ಇದನ್ನು ನನಗೆ ಸಾಬರೇ ಹೇಳಿದರು.

ಮೆಣಸೆಯ ಗಿಡಗಳಲ್ಲಿ ಹದಿನಾರು ನೆಲ ಹಿಡಿದು ಬೆಳೆದವು. ಐದು ವರ್ಷದ ಮೇಲೆ ಮೊದಲ ಸಲ ನಾಲ್ಕು ಗಿಡ ಮಿಡಿ ಬಿಟ್ಟವು. ಮರುವರ್ಷದ ಬೇಸಿಗೆಯಲ್ಲಿ ಅಲ್ಲಿನ ಅಮ್ಮ ಒಂದು ಸಣ್ಣ ಜಾಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ನರಸಿಂಹರಾಜಪುರಕ್ಕೆ ನಮ್ಮ ಮನೆಗೇ ಬಂದರು. ತಟ್ಟೆ ತರಿಸಿ ಒಂದು ಮಿಡಿ ಹಾಕಿದರು. ನಾನು ಕಚ್ಚಿದೆ. ಗರಕ್ ಎಂದಿತು. ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

“ಚೆನ್ನಾಗಿದೆ,” ಎಂದೆ.

“ಚೆನ್ನಾಗಿಲ್ಲ. ಉಪ್ಪು ಒಂದು ಹಿಡಿ ಕಡಿಮೆ ಬಿದ್ದಿದೆ. ಅದು ನನ್ನ ತಪ್ಪು, ಮಿಡಿದಲ್ಲ. ಮಿಡಿ ಅದೇ.” ಜಾಡಿಯ ಬಾಯಿ ಕಟ್ಟಿ ನನ್ನ ಕಡೆ ಸರಿಸಿದರು. “ಬೇಗಾರು ಊರಿನವರು ಕಡ್ಡಿ ಕೇಳ್ತಿದಾರೆ. ಆರು ಮನೆಯವರು. ಕೊಡ್ತೇನೆ ಅಂದಿದ್ದೇನೆ. ಕಟ್ಟೋದಕ್ಕೆ ನೀನು ಬರ್ತೀ ಅಂತಾನೂ ಹೇಳಿಬಿಟ್ಟಿದ್ದೇನೆ.”

ಯಾವತ್ತು ಎಂದು ಕೇಳಿದೆ. ಮೊದಲ ಮಳೆ ಬಿದ್ದ ವಾರ ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅವರಿಗೆ ಕಾಫಿ ಮಾಡಲು ಒಳಗೆ ಹೋದೆ.